ಅಕ್ಷರ ಅಳಿಯದ ಕೀ

ನನ್ನ ಗಂಡ ಜೋರಾಪುರ ಪೇಟೆಯ ಒಂದು ಸಣ್ಣ ಕೋಣೆಯಲ್ಲಿ ಕೂತು ಮನೆಗಳ ನಕ್ಷೆ ಹಾಕಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಎರಡು ತಿಂಗಳು ನಾನು ಆ ಬೀಗ ತೆಗೆದಿರಲಿಲ್ಲ. ಬಿಜ್ಜರಗಿಯ ಹೆಣ್ಣುಮಗಳೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಳು.

“ನಕ್ಷಾ ಮುಗದೈತಿ ಅಂದಿದ್ರು ಸಾಹೇಬ್ರು. ಅಡಿಗಿಮನಿ ಕಿಡಕಿ ಅಷ್ಟ ಮೂರು ಫೂಟು ಬಲಕ್ಕ ಸರಸೂದಿತ್ತು. ರೊಟ್ಟಿ ಬಡಿಯೂ ಮುಂದ ನನಗ ಹೊರಗ ಕಟ್ಟಿದ ಆಡು ಕಾಣಬೇಕ್ರಿ. ಸೋಮಾರ ಬುನಾದಿ ಪೂಜಾ ಐತಿ.”

ನನ್ನ ಗಂಡನ ಪದ್ಧತಿಯೇ ಹಾಗಿತ್ತು. ಮನೆ ಕಟ್ಟಿಸುವ ಯಜಮಾನರು ಪಡಸಾಲೆಯ ಅಳತೆ ಹೇಳುತ್ತಿದ್ದರೆ ಇವರು ಹೆಂಡತಿಯ ಕಡೆ ತಿರುಗಿ, “ರೊಟ್ಟಿ ಎಲ್ಲಿ ಬಡಿತೀರಿ, ಮೊದಲ ಅದನ್ನ ಹೇಳ್ರಿ” ಎನ್ನುತ್ತಿದ್ದರು. ನಕ್ಷೆ ಅಲ್ಲಿಂದ ಶುರುವಾಗುತ್ತಿತ್ತು.

ಬೀಗ ತೆಗೆದು ಕಂಪ್ಯೂಟರ್ ಹಚ್ಚಿದೆ. ಆ ಹೆಣ್ಣುಮಗಳ ಮನೆ ಕರಿ ಪರದೆಯ ಮೇಲೆ ಬಿಳಿ ಗೆರೆಗಳಲ್ಲಿ ತೆರೆದುಕೊಂಡಿತು. ಪರದೆಯ ಅಂಚಿನಲ್ಲಿ ಒತ್ತಲು ಒಂದು ಬಟನ್ ಕೂಡ ಇರಲಿಲ್ಲ. ತಿಕೋಟಾದಲ್ಲಿರುವ ಭಾವನ ಮಗಳು ಸಿವಿಲ್ ಡಿಪ್ಲೊಮಾ ಓದುತ್ತಾಳೆ. ಅವಳಿಗೆ ಫೋನ್ ಮಾಡಿದೆ.

“ಕಾಕಿ, ಕಾಕಾ ಎಲ್ಲಾ ಬಟನ್ ತೆಗದು ಇಟ್ಟಾರ. ಬರೇ ಕೀಬೋರ್ಡ್ ಮ್ಯಾಲೆ ಕೆಲಸ ಮಾಡ್ತಿದ್ರು. ರೀಸೆಟ್ ಮಾಡ್ರಿ, ಹೊಸಾದರಗತೆ ಎಲ್ಲಾ ಬರ್ತಾವ.”

“ಅವರು ಇಟ್ಟಿದ್ದು?”

“ಅದು ಹೋಗ್ತದ್ರಿ.”

“ಹಂಗಾದ್ರ ಬ್ಯಾಡ.”

“ಬಟನ್ ಇಲ್ಲದ ಹೆಂಗ ಮಾಡ್ತೀರಿ? ನಮ್ಮ ಸರ್‌ಗೂ ಬರೂದಿಲ್ಲ ಅದು.” ಮತ್ತೆ ಅವಳೇ ಕೇಳಿದಳು. “ಕೀ ನೋಡ್ರಿ. ಯಾವ ಯಾವ ಅಕ್ಷರ ಅಳಿಸ್ಯಾವ?”

ಎಲ್, ಎಂ, ಇ. ಅವರ ಬೆರಳು ಅವನ್ನು ತಿಂದುಹಾಕಿದ್ದವು. ಅಕ್ಕಪಕ್ಕದ ಅಕ್ಷರ ನೋಡಿ ಗುರುತು ಹಿಡಿದೆ.

“ಎಲ್ ಅಂದ್ರ ಗೆರಿ ಎಳಿಯೂದು. ಎಂ ಸರಸೂದು. ಇ ಅಳಸೂದು.”

ಎಂ ಒತ್ತಿ ಕಿಟಕಿ ಸರಿಸಲು ಹೋದರೆ ಅಡಿಗೆಮನೆಯೇ ಎದ್ದು ಅಂಗಳಕ್ಕೆ ಬಂದು ನಿಂತಿತು. ಹೇಳಿದ್ದಕ್ಕೆ ಹುಡುಗಿ ನಕ್ಕಳು. “ಯು ಒತ್ರಿ ಕಾಕಿ, ಮಾಡಿದ್ದು ವಾಪಸ್ ಹೋಗ್ತದ.”

ಯು ನಿನ್ನೆ ತಂದಂತೆ ಹೊಚ್ಚ ಹೊಸದಾಗಿತ್ತು. ಇಷ್ಟು ವರ್ಷದಲ್ಲಿ ಅವರಿಗೆ ಅದು ಬೇಕಾಗಿಯೇ ಇರಲಿಲ್ಲ ಅಂತ ಕಾಣುತ್ತದೆ. ನಾನು ಅವತ್ತಿಡೀ ಅದನ್ನೇ ಒತ್ತಿದೆ. ಪ್ರತಿ ಸಲ ಅಡಿಗೆಮನೆ ತನ್ನ ಜಾಗಕ್ಕೆ ತಾನು ಹೋಗಿ ಕೂಡುತ್ತಿತ್ತು. ಒಂದೆರಡು ಸಲ ಕೈ ಅಲ್ಲೇ ಇಟ್ಟುಕೊಂಡು ಸುಮ್ಮನೆ ಕೂತೆ.

ಇಳಿಹೊತ್ತಿಗೆ ಕಿಟಕಿ ಮೂರು ಫೂಟು ಸರಿಯಿತು. ಹಳೆಯ ಜಾಗದಲ್ಲಿ ಗೋಡೆಯ ಗೆರೆ ಎಳೆದು ಕೂಡಿಸಿದೆ. ಮರುದಿನ ಆ ಹೆಣ್ಣುಮಗಳು ಪ್ರಿಂಟಿನ ಮೇಲೆ ಬೆರಳಿಟ್ಟು, “ಇಲ್ಲಿ ಕುಂದರ್ತೇನಿ ನಾ” ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು, “ಸಾಹೇಬ್ರ ಹೆಸರು ಐತೇನ್ರಿ ಇದರಾಗ?”

ಮೂಲೆಯ ಚೌಕದಲ್ಲಿ ಇತ್ತು. ತೋರಿಸಿದೆ.

ಅವಳು ಹೋದ ಮೇಲೆ ಕೀಬೋರ್ಡ್ ಒರೆಸಲು ಬಟ್ಟೆ ತಗೊಂಡೆ. ಯು ಮೇಲೆ ನನ್ನ ಬೆರಳಿನ ಜಿಡ್ಡು ಕೂತಿತ್ತು. ಅದೊಂದನ್ನೇ ಒರೆಸಿ, ಅವರ ಬೆರಳು ಸವೆಸಿದ ಉಳಿದವನ್ನು ಹಾಗೇ ಬಿಟ್ಟೆ.