ಕೊರಡಿನ ಮೇಲೆ ಕೂತವರು

ಬೆಳಿಗ್ಗೆ ಹಾಲು ಕಾಯಿಸಲು ಹೋದವಳಿಗೆ ಅಡುಗೆಮನೆಯ ಬಾಗಿಲಲ್ಲೇ ಕರ್ಪೂರದ ವಾಸನೆ ಬಂತು. ಪೂಜೆಯ ಕರ್ಪೂರದ್ದಲ್ಲ, ಕೊಬ್ಬರಿ ಎಣ್ಣೆಗೆ ಹಾಕಿ ಬೆಚ್ಚಗೆ ಮಾಡಿದ ಕರ್ಪೂರದ್ದು. ನಮ್ಮ ಮನೆಯಲ್ಲಿ ಈ ವಾಸನೆ ಎದ್ದಿತೆಂದರೆ ಆ ದಿನ ವಾಲಿಬಾಲ್ ಪಂದ್ಯವಿದೆ ಎಂದೇ ಅರ್ಥ. ಬೆರಳ ಗಿಣ್ಣುಗಳಿಗೆ ಹಚ್ಚಿಕೊಳ್ಳುವ ಎಣ್ಣೆ ಅದು. ಮಗಳು ಪವಿತ್ರ ಪುಟ್ಟ ಬಾಣಲೆಯ ಮುಂದೆ ನಿಂತಿದ್ದಳು, ಒಂದು ಭುಜ ವಾಲಿಸಿಕೊಂಡು, ಥೇಟ್ ಅವಳ ಅಪ್ಪನ ಹಾಗೆ. ಯಜಮಾನರು ಹೋದ ಮೊದಮೊದಲು ಈ ವಾಸನೆ ಬಂದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಈಗ ನಿಲ್ಲುವುದನ್ನು ಕಲಿತಿದ್ದೇನೆ.

ನಮ್ಮದು ಬಾಗೂರು. ಯಜಮಾನರಿಗೆ ಹಗಲೆಲ್ಲ ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ, ಸಂಜೆ ಊರ ಮೈದಾನದಲ್ಲಿ ಆಟ. ತಂಡದಲ್ಲಿ ಅವರು ಸೆಟ್ಟರ್. ಮದುವೆಯಾದ ಹೊಸದರಲ್ಲಿ ಒಮ್ಮೆ ನೋಡಲು ಹೋಗಿದ್ದೆ. ಉಳಿದವರೆಲ್ಲ ಎಗರಿ ಎಗರಿ ಚೆಂಡು ಬಡಿಯುತ್ತಿದ್ದರೆ ಇವರು ಮಾತ್ರ ನೆಟ್ಟಿನ ಪಕ್ಕ ನಿಂತು, ಬಂದ ಚೆಂಡನ್ನು ಬೆರಳ ತುದಿಯಿಂದ ಮೇಲಕ್ಕೆ ತಳ್ಳುತ್ತಿದ್ದರು. ಪಾಪ ಅನ್ನಿಸಿತು. ಮನೆಗೆ ಬಂದ ಮೇಲೆ, "ಅವ್ರು ನಿಮ್ಗೆ ಒಂದ್ಸಲನಾದ್ರೂ ಹೊಡಿಯಾಕೆ ಯಾಕ್ರೀ ಬುಡಾಕಿಲ್ಲ?" ಎಂದು ಕೇಳಿದೆ. ಅವರು ನಕ್ಕ ನಗು ಬೀದಿಗೆಲ್ಲ ಕೇಳಿಸಿತು. ಮಾರನೆಯ ದಿನದಿಂದ ತಂಡದ ಹುಡುಗರು ನನ್ನನ್ನು ಕಂಡಾಗಲೆಲ್ಲ, "ಅತ್ತಿಗೆ, ಇವತ್ತು ಅಣ್ಣಂಗೂ ಒಂದ್ ಚಾನ್ಸ್ ಕೊಡ್ತೀವಿ ಕಣಿ" ಎನ್ನತೊಡಗಿದರು.

ಆಮೇಲೆ ತಿಳಿಯಿತು. ಮೊದಲ ಚೆಂಡನ್ನು ಯಾರೋ ಎತ್ತುತ್ತಾರೆ, ಕೊನೆಯ ಚೆಂಡನ್ನು ಯಾರೋ ಬಡಿಯುತ್ತಾರೆ, ಚಪ್ಪಾಳೆ ಬಡಿದವರಿಗೆ ಬೀಳುತ್ತದೆ. ಆದರೆ ಯಾರು ಬಡಿಯಬೇಕು, ಎಲ್ಲಿಂದ ಬಡಿಯಬೇಕು ಎಂದು ನಡುವಿನ ಆ ಒಂದು ಗಳಿಗೆಯಲ್ಲಿ ತೀರ್ಮಾನ ಮಾಡುವವನು ಸೆಟ್ಟರ್. ಅವನು ತಪ್ಪಿದರೆ ತಂಡವೇ ತಪ್ಪಿದ ಹಾಗೆ.

ಅದಕ್ಕೇ ಹೊಸ ಸೆಟ್ಟರನ್ನು ಇವರು ಕೂಡಲೇ ಆಡಲು ಬಿಡುತ್ತಿರಲಿಲ್ಲ. ಮೈದಾನದ ಅಂಚಿಗೆ ಗಾಳಿಗೆ ಬಿದ್ದ ತೆಂಗಿನ ಮರದ ಕೊರಡೊಂದಿತ್ತು, ಕೂತು ಕೂತು ನುಣುಪಾದದ್ದು. ಯಾರೇ ಆಗಲಿ, ಒಂದು ಹಂಗಾಮು ಪೂರ್ತಿ ಅದರ ಮೇಲೆ ಕೂತು ಆಟ ನೋಡಬೇಕು. ಚೆಂಡು ನೋಡಬಾರದು, ಎದುರಾಳಿಗಳ ಕಾಲು ನೋಡಬೇಕು. ಇವರು ಪಕ್ಕದಲ್ಲಿ ಕೂತು, "ಈಗ ಯಾವ್ ಕಡೆ ಒರಗವ್ರೆ ಯೋಳು?" ಎಂದು ಕೇಳುತ್ತಲೇ ಇರುತ್ತಿದ್ದರು.

ಈ ಪದ್ಧತಿ ಎಲ್ಲರಿಗೂ ಹಿಡಿಸಿತೆಂದು ನಾನು ಹೇಳಲಾರೆ. ಮಂಜ ಎನ್ನುವ ಹುಡುಗ ಎಷ್ಟು ಶ್ರದ್ಧೆಯಿಂದ ಕೂತನೆಂದರೆ, ಕೊನೆಗೊಂದು ದಿನ ಅಂಗಳಕ್ಕೆ ಇಳಿಸಿದಾಗ ಚೆಂಡು ನೆಟ್ಟಗೆ ತನ್ನ ಕಡೆಗೇ ಬರುವುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಒಳ್ಳೇ ಬಾಲು ಕಣ್ಲಾ!" ಎಂದು ಮೆಚ್ಚಿಕೊಂಡ. ಚೆಂಡು ಅವನ ಪಾದದ ಮೇಲೆ ಬಿತ್ತು.

ಈ ಕತೆಯನ್ನು ಹಿಡಿದುಕೊಂಡು ಯಜಮಾನರನ್ನು ಕಾಡುತ್ತಿದ್ದವನು ನನ್ನ ತಮ್ಮ ರಂಗ. ಅವನು ಅರಕಲಗೂಡಿನ ಕಡೆ ಶುಂಠಿ ಬೆಳೆಯುತ್ತಾನೆ. ಹೊಸಬರನ್ನು ಬಂದ ದಿನವೇ ಇಳಿಸಬೇಕು, ಸೋತರೂ ಅಲ್ಲೇ ಕಲಿಯುತ್ತಾರೆ ಎನ್ನುವುದು ಅವನ ವಾದ.

"ನೀನು ಇಂಗೇ ಕೂರಿಸ್ತಾ ಇರು ಭಾವ, ಹುಡುಗ್ರು ಆ ಕೊರಡಿಗೇ ಬೇರು ಬುಟ್ಕತಾರೆ."

"ಎಳೇಕಾಯಿ ಕಿತ್ರೆ ಕೊಬ್ಬರಿ ಆದದೇನ್ಲಾ?"

"ಶುಂಠಿ ಕೀಳೋ ಒತ್ನಲ್ಲಿ ಕೀಳ್ದೆ ಬುಟ್ರೆ ನೆಲದಾಗೇ ಕೊಳ್ತೋಯ್ತದೆ ಕಣ್ ಭಾವ."

ನಾನು ನಡುವೆ ತಟ್ಟೆ ತಂದಿಟ್ಟು, "ಕಾಯಿ, ಶುಂಠಿ ಎಲ್ಡೂ ಆಕಿ ಚಟ್ನಿ ಅರ್ದಿವ್ನಿ. ಸುಮ್ಕೆ ತಿನ್ನಿ" ಎನ್ನುತ್ತಿದ್ದೆ. ಇಬ್ಬರೂ ತಿನ್ನುತ್ತಿದ್ದರು, ಸುಮ್ಮನಂತೂ ಆಗುತ್ತಿರಲಿಲ್ಲ.

ಆಮೇಲೆ ಅವರು ಊರ ಹೆಣ್ಣುಮಕ್ಕಳ ತಂಡ ಕಟ್ಟಿದರು. ಪವಿತ್ರ ಸೆಟ್ಟರ್ ಆಗುತ್ತೇನೆಂದು ಬಂದಾಗ ಅವಳಿಗೂ ಕೊರಡೇ ಗತಿಯಾಯಿತು. ಅದೇ ಹಂಗಾಮಿನಲ್ಲಿ ಯಜಮಾನರಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರತೊಡಗಿತು. ಹೃದಯ ಸೋಲುತ್ತಿದೆ, ಹೆಚ್ಚು ದಿನ ಹೇಳಲಾಗದು ಎಂದರು ಹಾಸನದ ಡಾಕ್ಟರು. ನಾವು ಮೈದಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಹೊತ್ತು ಅವರನ್ನು ಕೂರಿಸುತ್ತಿದ್ದೆವು. ಪಕ್ಕದ ಕೊರಡಿನ ಮೇಲೆ ಮಗಳು.

ಒಂದು ಸಂಜೆ ರಂಗ ಎಂದಿನಂತೆ ವಾದ ಮಾಡಲಿಲ್ಲ. "ಭಾವ, ಈ ಭಾನ್ವಾರ ಮಗೀನ ಇಳ್ಸು. ಒಂದ್ಸಲ ಕಣ್ತುಂಬಾ ನೋಡ್ಬುಡು" ಎಂದು ಕೈ ಹಿಡಿದುಕೊಂಡ. ನಾನೂ ಕೇಳಿಕೊಂಡೆ. ಅವರು ಒಪ್ಪಲಿಲ್ಲ. ಆಸೆ ಇರಲಿಲ್ಲವೆಂದುಕೊಳ್ಳಬೇಡಿ; ಕುರ್ಚಿಯ ಹಿಡಿಯ ಮೇಲೆ ಅವರ ಬೆರಳುಗಳು ಚೆಂಡು ತಳ್ಳುವ ಹಾಗೆ ಆಡುತ್ತಿದ್ದವು.

"ನಾನ್ ನೋಡ್ಲಿ ಅಂತ ಅವಳನ್ನ ಇಳ್ಸಿದ್ರೆ, ಅವಳು ಆಟ ನೋಡಾಕಿಲ್ಲ ಕಣೇ. ನನ್ನ ನೋಡ್ತಾಳೆ," ಎಂದರು.

ಹಂಗಾಮು ಮುಗಿಯುವ ಮೊದಲೇ ಅವರು ಹೋದರು.

ಪವಿತ್ರ ಉಳಿದ ದಿನಗಳನ್ನೂ ಕೊರಡಿನ ಮೇಲೆಯೇ ಕಳೆದಳು, ಪಕ್ಕದಲ್ಲಿ ಕುರ್ಚಿಯಿಲ್ಲದೆ. ಆಮೇಲೆ ಹಾಸನದಲ್ಲಿ ಹೊಳೆನರಸೀಪುರದ ಹುಡುಗಿಯರ ಎದುರು ಅವಳ ಮೊದಲ ಪಂದ್ಯ. ಮೊದಲ ಚೆಂಡು ನೆಟ್ಟಿಗೆ ಬಡಿಯಿತು. ರಂಗ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಇನ್ನೊಂದು ಚೆಂಡು ಬಂತು. ಎದುರಿನವರೆಲ್ಲ ಅವಳ ಮುಂದಿದ್ದ ಹುಡುಗಿಯ ಕಡೆಗೇ ಸರಿದಿದ್ದರು. ಪವಿತ್ರ ತಿರುಗಿಯೂ ನೋಡದೆ ಚೆಂಡನ್ನು ತಲೆಯ ಮೇಲಿಂದ ಹಿಂದಕ್ಕೆ ಕಳಿಸಿಬಿಟ್ಟಳು. ಹಿಂದಿದ್ದವಳು ಎಗರಿ ಬಡಿದಳು; ಅಲ್ಲಿ ತಡೆಯುವವರೇ ಇರಲಿಲ್ಲ. ಚಪ್ಪಾಳೆಯೆಲ್ಲ ಬಡಿದವಳಿಗೆ ಬಿತ್ತು. ನಾನು ಬಡಿದವಳ ಕಡೆ ನೋಡಲೇ ಇಲ್ಲ. ಒಂದು ಕಾಲದಲ್ಲಿ ಸೆಟ್ಟರನ್ನು ಕಂಡು ಪಾಪ ಎಂದವಳ ಎದೆ ಆ ದಿನ ಎಷ್ಟು ಉಬ್ಬಿತ್ತೆಂದರೆ, ಕುಪ್ಪಸದ ಹೊಲಿಗೆ ಬಿಟ್ಟುಕೊಳ್ಳುತ್ತದೇನೋ ಅನ್ನಿಸಿತು.

"ಭಾವನೇ ಗೆದ್ದ ಬುಡಕ್ಕ," ಎಂದು ರಂಗ ಟವೆಲಿನಿಂದ ಮುಖ ಒರೆಸಿಕೊಂಡ.

ಗೆದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಚೆಂಡನ್ನು ಅವರು ನೋಡಲಿಲ್ಲವಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಪವಿತ್ರ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿದ್ದಳು. ಈಗ ತಂಡದ ಜವಾಬ್ದಾರಿ ಅವಳದೇ. ಇವತ್ತು ನಮ್ಮೂರಲ್ಲೇ ಅರಕಲಗೂಡಿನವರ ಎದುರು ಪಂದ್ಯ.

"ಬಾ, ನಾನ್ ಅಚ್ತೀನಿ," ಎಂದೆ.

"ನಂಗಲ್ಲಮ್ಮ, ದೀಪಂಗೆ."

ದೀಪ ಸೆಟ್ಟರ್ ಆಗುತ್ತೇನೆಂದು ಮೊನ್ನೆ ಮೊನ್ನೆ ತಂಡ ಸೇರಿದವಳು.

"ಅವಳಿನ್ನೂ ಕೊರಡಿನ ಮೇಲೆ ಕೂತೇ ಇಲ್ವಲ್ಲೇ! ನಿಮ್ಮಪ್ಪ ಇದ್ದಿದ್ರೆ…"

"ಕೂರ್ತಾಳೆ ಬುಡು, ಎರಡ್ನೇ ಸೆಟ್ಟಿಂದ ಕೂರ್ತಾಳೆ. ಮೊದಲ್ನೇದು ಅವಳಾಡ್ಲಿ." ಬಿಸಿ ಬಟ್ಟಲನ್ನು ದುಪಟ್ಟಾದ ತುದಿಯಲ್ಲಿ ಹಿಡಿದುಕೊಂಡಳು. "ನಾನಾಡಿದ್ದನ್ನ ಅಪ್ಪ ನೋಡ್ಲಿಲ್ಲಮ್ಮ. ಇವಳಾಡೋದನ್ನ ನಾನ್ ನೋಡ್ಬೇಕು."

ನನ್ನ ಬಾಯಲ್ಲಿ ಅವರ ಪರವಾಗಿ ಒಂದು ಮಾತಿತ್ತು. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ.

ಇಷ್ಟು ವರ್ಷ ನಾನು ಆಟ ನೋಡಿದ್ದೆಲ್ಲ ಹೊಂಗೆ ಮರದಡಿ ಹೆಂಗಸರ ಜೊತೆ ನಿಂತು. ಇವತ್ತು ನೇರ ಹೋಗಿ ಕೊರಡಿನ ಮೇಲೆ ಮಗಳ ಪಕ್ಕ ಕೂತೆ. ಕುರ್ಚಿ ಇರುತ್ತಿದ್ದ ಕಡೆಗೆ. ದೀಪಳ ಮೊದಲ ಚೆಂಡು ಗೆರೆಯಾಚೆ ಹಾರಿ ಬೇಲಿಗೆ ಬಿತ್ತು. ರಂಗ ಅರಕಲಗೂಡಿನವರ ನಡುವೆ ನಿಂತಿದ್ದೂ, "ಪರ್ವಾಗಿಲ್ಲ ಕಣವ್ವ, ಇನ್ನೊಂದ್ ಬತ್ತದೆ!" ಎಂದು ಕೂಗಿದ. ನಾನು ಮುಂದಿನ ಚೆಂಡನ್ನೇ ಕಣ್ಣಲ್ಲಿ ಹಿಂಬಾಲಿಸುತ್ತಿದ್ದೆ. ಕರ್ಪೂರದ ವಾಸನೆಯ ಕೈಯೊಂದು ನನ್ನ ಗಲ್ಲ ಹಿಡಿದು ಮೆಲ್ಲಗೆ ಕೆಳಕ್ಕೆ ತಿರುಗಿಸಿತು.

"ಚೆಂಡು ನೋಡ್ಬೇಡಮ್ಮ, ಕಾಲು ನೋಡು. ಈಗ ಯಾವ್ ಕಡೆ ಒರಗವ್ರೆ ಯೋಳು?"

"ಎಡಕ್ಕೆ," ಎಂದೆ.

ಸರಿಯಾಗಿತ್ತು.