ನಕ್ಷೆಯಲ್ಲಿ ಗುರುತಿಸಿದ ಹಿಂಬಾಗಿಲು

ಬುಧವಾರ ಬೆಳಿಗ್ಗೆ ಹತ್ತೂವರೆಗೆ, ಚಾಮರಾಜಪೇಟೆಯ ನಮ್ಮ ಆಫೀಸಿನಲ್ಲಿ ಕಾಗದಗಳಿಗೆ ಪಂಚ್ ಹೊಡೆದು ಫೈಲಿಗೆ ಸೇರಿಸುತ್ತಿದ್ದಾಗ ನನ್ನ ತಪ್ಪು ನನ್ನ ಕಣ್ಣಿಗೆ ಬಿತ್ತು. ಅದೇ ಕಾಗದಗಳ ಒಂದು ಪ್ರತಿ ಸೋಮವಾರವೇ ಎದುರು ಪಕ್ಷದ ವಕೀಲರ ಕೈ ಸೇರಿತ್ತು.

ನಾನು ವಕೀಲಿಕೆಗೆ ಸೇರಿ ಆಗ ಹದಿನಾಲ್ಕು ತಿಂಗಳು. ನನ್ನ ಸೀನಿಯರ್ ಮೇಡಂ ಪರಿಸರದ ಕೇಸುಗಳನ್ನೇ ಹೆಚ್ಚಾಗಿ ನಡೆಸುವ ವಕೀಲೆ. ವೃಷಭಾವತಿ ನದಿಯನ್ನು ಉಳಿಸಲು ಒಂಬತ್ತು ಜನರ ಒಂದು ಗುಂಪನ್ನೂ ಕಟ್ಟಿದ್ದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಗವಿಪುರಂ ದಾಟಿ ಇಳಿಜಾರಿನಲ್ಲಿ ಸೇರುವುದು, ನದಿ ಈಗ ಕಾಲುವೆಯಾಗಿ ಹರಿಯುವ ಕಡೆ ಇಳಿದು ಮೂರು ಬಾಟಲಿ ನೀರು ತುಂಬಿಸುವುದು, ಅವನ್ನು ಪರೀಕ್ಷೆಗೆ ಕಳಿಸುವುದು. ಇದು ನಮ್ಮ ಕ್ರಮ. ದಾಖಲೆ ಪುಸ್ತಕ ನನ್ನ ಪಾಲಿನದು. ಸಮಯ, ನೀರಿನ ಬಣ್ಣ, ವಾಸನೆ, ಬಾಟಲಿಯ ಸಂಖ್ಯೆ, ಬಂದವರು ಯಾರು, ಎಲ್ಲಿ ಇಳಿದೆವು, ಎಲ್ಲವನ್ನೂ ಬರೆಯುತ್ತಿದ್ದೆ. ಬರೆಯದೆ ಬಿಟ್ಟರೆ ನನಗೆ ಊಟ ರುಚಿಸುವುದಿಲ್ಲ.

ಕಾಲುವೆಯ ಎರಡೂ ಬದಿ ಎತ್ತರದ ಗೋಡೆ. ಬಟ್ಟೆಗೆ ಬಣ್ಣ ಹಾಕುವ ಒಂದು ಸಣ್ಣ ಕಾರ್ಖಾನೆಯ ಕೊಳವೆ ಆ ಗೋಡೆಯಿಂದ ಹೊರಬರುವ ಜಾಗಕ್ಕೆ ತಲುಪಲು ಒಂದೇ ದಾರಿಯಿತ್ತು: ಮನೆಯಲ್ಲೇ ಹೂ ಕಟ್ಟಿ ಮಾರುವ ಒಬ್ಬ ಅಕ್ಕನ ಮನೆಯ ಹಿಂಬಾಗಿಲು. ಆಕೆಯ ಗಂಡ ಕೆಲಸ ಮಾಡುತ್ತಿದ್ದುದು ಅದೇ ಕಾರ್ಖಾನೆಯಲ್ಲಿ. ಆದರೂ ಮೊದಲ ಭಾನುವಾರವೇ ಆಕೆ ಬಾಗಿಲು ತೆಗೆದಳು. "ಆ ವಾಸ್ನೆಗೆ ನಮ್ಮತ್ತೆ ಕೆಮ್ಮಿ ಕೆಮ್ಮಿ ಹೋದ್ರು. ಇಳೀರಿ. ನನ್ನ ಹೆಸ್ರು ಮಾತ್ರ ಎಲ್ಲೂ ಬರ್ಬಾರ್ದು, ತಿಳೀತಾ ಮರಿ?" ಎಂದಳು. ನಾನು ಆಯಿತು ಎಂದೆ. ಎಂದವಳೇ ಪುಸ್ತಕದಲ್ಲಿ 'ಇಳಿದ ಜಾಗ' ಎಂಬ ಕಾಲಮ್ಮಿನಲ್ಲಿ ಆಕೆಯ ಹೆಸರು ಬರೆದೆ. ಪುಸ್ತಕ ಆಫೀಸು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ.

ಹನ್ನೊಂದು ಭಾನುವಾರಗಳಾದ ಮೇಲೆ, ಆ ಕಾರ್ಖಾನೆಯ ವಿರುದ್ಧ ಮೇಡಂ ಹಾಕಿದ್ದ ಅರ್ಜಿಗೆ ಸಾಕ್ಷಿಯಾಗಿ ಪುಸ್ತಕವನ್ನೇ ನ್ಯಾಯಾಲಯಕ್ಕೆ ಕೊಡುವ ಪ್ರಸಂಗ ಬಂತು. ಹೆಸರು ಮುಚ್ಚಿ ಝೆರಾಕ್ಸ್ ಮಾಡಿಸು ಎಂದರು ಮೇಡಂ. ಹನ್ನೊಂದು ಪುಟ, ಹನ್ನೊಂದು ಬಿಳಿ ಚೀಟಿ. ಅಂಟಿಸಿ ಎರಡು ಸಲ ಎಣಿಸಿದೆ. ಲೆಕ್ಕ ಸರಿಯಾಗಿತ್ತು.

ಕೊನೆಯ ಹಾಳೆ ನಾನೇ ಬಿಡಿಸಿದ ನಕ್ಷೆ. ಅದರಲ್ಲಿ ಯಾರ ಹೆಸರೂ ಇರಲಿಲ್ಲ, ಹಾಗಾಗಿ ಅದನ್ನು ನಾನು ನೋಡಲೇ ಇಲ್ಲ. ಬುಧವಾರ ನೋಡಿದೆ. ಸ್ಕೇಲಿಟ್ಟು ಎಳೆದ ಕಾಲುವೆ, ಸಾಲಾಗಿ ಆರು ಮನೆ, ನಾಲ್ಕನೆಯದರ ಹಿಂಬಾಗಿಲಿಗೆ ಒಂದು ಬಾಣದ ಗುರುತು, ಪಕ್ಕದಲ್ಲಿ ಮನೆ ನಂಬರು, ಕೆಳಗೆ ನನ್ನ ದುಂಡು ಅಕ್ಷರದಲ್ಲಿ 'ಇಲ್ಲಿಂದ ಇಳಿಯುವುದು'.

ಹಾಳೆ ಹಿಡಿದುಕೊಂಡು ಒಳಗೆ ಹೋದೆ. ಮೇಡಂ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು.

"ನಾನೂ ಸಹಿ ಹಾಕಿದೀನಿ. ನಕ್ಷೆ ಚೆನ್ನಾಗಿದೆ ಅಂತ ನಿಂಗೆ ಶಭಾಷ್‌ಗಿರಿ ಬೇರೆ ಕೊಟ್ಟೆ."

"ಬೇರೆ ಪ್ರತಿ ಕೊಟ್ಟು ಇದನ್ನ ವಾಪಸ್ ತಗೋಬೋದಾ ಮೇಡಂ?"

"ಕೋರ್ಟಿಂದ ತಗೋಬೋದು. ಅವ್ರ ತಲೆಯಿಂದ ತಗೊಳಕ್ಕಾಗುತ್ತಾ? ಏಳು. ಮೊದ್ಲು ಆಕೆಗೆ ಹೇಳ್ಬೇಕು."

ಆಟೋದಲ್ಲಿ ಮೇಡಂ ಬ್ಯಾಗಿನ ಹಿಡಿಯನ್ನು ಸುತ್ತುತ್ತಾ ಬಿಚ್ಚುತ್ತಾ ಇದ್ದರು. ನ್ಯಾಯಾಧೀಶರೆದುರು ದನಿ ನಡುಗದ ಅವರ ಬೆರಳುಗಳನ್ನು ನೋಡಿದ ಮೇಲೆ ನನ್ನ ಹೆದರಿಕೆ ಇನ್ನೂ ಜಾಸ್ತಿಯಾಯಿತು.

ಅಕ್ಕ ಬಾಗಿಲಲ್ಲೇ ಕೂತು ಸೇವಂತಿಗೆ ಕಟ್ಟುತ್ತಿದ್ದಳು.

"ಏನ್ ಲಾಯರಮ್ಮ, ಬುಧವಾರನೂ ಶುರು ಮಾಡ್ಕೊಂಡ್ರಾ? ಬಾಟ್ಲಿ ಎಲ್ಲಿ ಮರಿ? ಚೊಂಬಲ್ಲಿ ಹಿಡೀತೀಯಾ?"

ಬಾಯಲ್ಲಿ ಹೇಳಲೆಂದು ಬಂದವಳು ಹಾಳೆಯನ್ನೇ ಬಿಚ್ಚಿದೆ. ನಕ್ಷೆಯನ್ನು ತೋರಿಸಿದೆ. ಆಕೆಗೆ ಓದಲು ಬರುತ್ತದೆ. ಮನೆ ನಂಬರಿನ ಮೇಲೆ ಬೆರಳಿಟ್ಟು, "ಇದು ನಮ್ಮನೇದಲ್ವಾ?" ಎಂದಳು. ಇದು ಕಾರ್ಖಾನೆಯವರ ಕೈಗೆ ಹೋಗಿದೆ ಎಂದು ಮೇಡಂ ಹೇಳಿದರು. ಕಟ್ಟುತ್ತಿದ್ದ ಹೂ ಮಡಿಲಲ್ಲೇ ಉಳಿಯಿತು.

"ನಾನು ನಿನ್ನ ಒಂದೇ ಒಂದು ಕೇಳಿದ್ದೆ," ಎಂದಳು ನನಗೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನೀವು ಬೇಡ ಅಂದ್ರೆ ಅರ್ಜಿನೇ ವಾಪಸ್ ತಗೋತೀನಿ," ಎಂದರು ಮೇಡಂ. ಆ ಅರ್ಜಿ ಅವರ ನಾಲ್ಕು ವರ್ಷದ ಕೆಲಸ.

"ತಗೊಂಡ್ರೆ ಅವ್ರು ಓದಿದ್ದು ಮರ್ತ್ಬಿಡ್ತಾರಾ? ನಮ್ಮನೆಯೋರಿಗೆ ಇದ್ಯಾವ್ದೂ ಗೊತ್ತಿಲ್ಲ, ತಾಯಿ. ಭಾನುವಾರ ನೀವು ಬರೋ ಹೊತ್ತಿಗೆ ಅವ್ರು ಹೂ ತರಕ್ಕೆ ಮಾರ್ಕೆಟ್‌ಗೆ ಹೋಗಿರ್ತಾರೆ. ಇವತ್ತು ಒಂದು ಗಂಟೆಗೆ ಊಟಕ್ಕೆ ಬರ್ತಾರೆ. ಇಲ್ಲೇ ಕೂತ್ಕೊಳ್ಳಿ. ನೀನೇ ಹೇಳು ಮರಿ, ಬರ್ದಿದ್ದು ನೀನು ತಾನೆ."

ಕೂತೆವು. ಹನ್ನೆರಡು ಹತ್ತರಿಂದ ಒಂದು ಐದರವರೆಗೆ. ಬೀದಿಯಲ್ಲಿ ನಿಧಾನವಾದ ಬೈಕುಗಳನ್ನು ನಾನು ಲೆಕ್ಕ ಹಾಕಿದೆ, ಏಳು. ಪ್ರತಿಯೊಂದು ನಿಧಾನವಾದಾಗಲೂ ಮೂವರೂ ಬಾಗಿಲ ಕಡೆ ನೋಡುತ್ತಿದ್ದೆವು.

ಅಕ್ಕನ ಗಂಡ ಬಂದರು. ತೆಳ್ಳಗಿನ ಮನುಷ್ಯ, ಮೊಣಕೈವರೆಗೆ ನೀಲಿ ಬಣ್ಣ. ನಾನು ನಿಂತುಕೊಂಡೇ ಹೇಳಿದೆ, ಒಂದನ್ನೂ ಬಿಡದೆ, ಮೊದಲ ಭಾನುವಾರದಿಂದ. ಅವರು ಹೆಂಡತಿಯ ಮುಖ ನೋಡಿದರು, ಆಮೇಲೆ ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತರು.

"ನಿನ್ನೆ ಸಾಹುಕಾರ್ರು ಕರ್ದು ಕೇಳಿದ್ರು," ಎಂದರು. "ನಿಮ್ಮನೆಗೆ ಹಿಂದ್ಗಡೆ ಬಾಗ್ಲು ಇದ್ಯೇನಪ್ಪಾ ಅಂತ. ಎಂದೂ ಮಾತಾಡ್ಸದೋರು ಮಾತಾಡ್ಸಿದ್ರಲ್ಲಾ ಅಂತ ನಂಗೆ ಖುಷಿ. ಇದೆ ಬುದ್ಧಿ, ಮರದ್ದು, ಒಳ್ಳೇ ಗಾಳಿ ಬರುತ್ತೆ ಅಂದೆ."

ಮುಂದೆ ತೊಂದರೆಯಾಗದಂತೆ ಪೊಲೀಸರಿಗೆ ದೂರು ಬರೆದುಕೊಡುತ್ತೇನೆ, ಜೊತೆಗೆ ಬರುತ್ತೇನೆ ಎಂದರು ಮೇಡಂ. ಅಕ್ಕನ ಗಂಡ ಬೇಡವೆಂದು ತಲೆಯಾಡಿಸಿದರು. ಇವತ್ತು ಕೆಲಸಕ್ಕೆ ಹೋಗಲೇಬೇಡಿ ಎಂದು ಅಕ್ಕ ಅತ್ತಳು.

"ಹೋಗ್ದಿದ್ರೆ ಒಪ್ಕೊಂಡಂಗೆ ಆಗುತ್ತೆ ಕಣೆ," ಎಂದವರೇ ಅನ್ನಕ್ಕೆ ಸಾರು ಕಲಸಿಕೊಂಡು, ಎರಡು ತುತ್ತು ಉಂಡು, ಎದ್ದು ಹೋದರು.

ಸಂಜೆ ಆರು ಇಪ್ಪತ್ತಕ್ಕೆ ಅವರು ವಾಪಸ್ ಬರುವವರೆಗೂ ನಾವು ಆ ಮನೆಯಲ್ಲೇ ಇದ್ದೆವು. ಅವರಿಗೆ ಯಾರೂ ಏನೂ ಅಂದಿರಲಿಲ್ಲ. ಜೊತೆಗೆ ಕೆಲಸ ಮಾಡುವವರು ಮಾತ್ರ ಟೀ ಕುಡಿಯಲು ಇವರನ್ನು ಕರೆಯದೆ ಹೋದರಂತೆ. ಅರ್ಜಿ ಹಾಗೇ ಇರಲಿ ಎಂದು ಹೇಳಿದವರೂ ಅವರೇ. "ಬಾಗ್ಲಂತೂ ಗೊತ್ತಾಗೋಯ್ತು," ಎಂದರು, ಯಾರ ಮುಖವನ್ನೂ ನೋಡದೆ.

ಗುರುವಾರ ಮೇಡಂ ಆ ನಕ್ಷೆಯ ಬದಲಿಗೆ ಬೇರೆ ನಕ್ಷೆ ಸಲ್ಲಿಸಿದರು. ತಪ್ಪು ನಮ್ಮ ಆಫೀಸಿನದೆಂದು, ಆ ಮನೆಯವರಿಗೆ ತೊಂದರೆಯಾಗಬಾರದೆಂದು ನ್ಯಾಯಾಲಯದಲ್ಲಿ ಬಾಯಿಬಿಟ್ಟು ಹೇಳಿದರು. ಭಾನುವಾರಗಳಲ್ಲಿ ನಾವೀಗ ಸೇತುವೆಯ ಮೇಲೆ ನಿಂತು ಹಗ್ಗ ಕಟ್ಟಿದ ಬಕೆಟ್ ಇಳಿಸುತ್ತೇವೆ. ಕೊಳವೆಯ ನೀರು ಅಲ್ಲಿಗೆ ಬರುವಷ್ಟರಲ್ಲಿ ಇತರ ನೀರಿನ ಜೊತೆ ಬೆರೆತಿರುತ್ತದೆ.

ನಾನು ದಿನಾ ಸಂಜೆ ಆರೂವರೆಗೆ ಅಕ್ಕನಿಗೆ ಫೋನ್ ಮಾಡತೊಡಗಿದೆ. "ಬಂದ್ರು," ಎಂದು ಹೇಳಿ ಆಕೆ ಇಟ್ಟುಬಿಡುತ್ತಿದ್ದಳು. ಆ ಒಂದು ಮಾತು ಕೇಳುವವರೆಗೆ ಮಲ್ಲೇಶ್ವರದ ನಮ್ಮ ಮನೆಯಲ್ಲಿ ನಾನು ಚಪ್ಪಲಿಯನ್ನೂ ಬಿಚ್ಚುತ್ತಿರಲಿಲ್ಲ. ಹತ್ತೊಂಬತ್ತು ಸಂಜೆ ಹೀಗೆ ಕಳೆಯಿತು. ಇಪ್ಪತ್ತನೆಯ ಸಂಜೆ ಆಕೆ ಫೋನ್ ಇಡಲಿಲ್ಲ.

"ನೋಡು ಮರಿ, ಹಗಲೆಲ್ಲಾ ಹೂವಲ್ಲಿ ಮರ್ತಿರ್ತೀನಿ. ಆರೂವರೆಗೆ ನಿನ್ನ ಫೋನ್ ಬಂದ್ರೆ ಎದೆ ಧಸಕ್ ಅನ್ನುತ್ತೆ. ಇನ್ಮೇಲೆ ಮಾಡ್ಬೇಡ. ಏನಾದ್ರೂ ಆದ್ರೆ ನಾನೇ ಮಾಡ್ತೀನಿ."

ಸರಿ ಅಕ್ಕ ಎಂದೆ. ಅಂದಿನಿಂದ ನಾನು ಮಾಡಿಲ್ಲ. ಫೋನನ್ನು ಸೈಲೆಂಟ್ ಮಾಡುವುದನ್ನು ಬಿಟ್ಟಿದ್ದೇನೆ. ಕೋರ್ಟ್ ಹಾಲಿನಲ್ಲಿ ಮಾತ್ರ ಮಾಡಲೇಬೇಕು, ಆಗ ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ಕೂತಿರುತ್ತೇನೆ.