ಸದ್ದಡಗಿಸಿದ ಇಸಿದೋರ್

ವಾಮಂಜೂರಿನಿಂದ ಪೇಟೆಗೆ ಬಂದು ಫಿಟ್ಟರ್ ಆದ ಇಸಿದೋರನಿಗೆ ಕೈಯೂ ಚೆನ್ನಾಗಿತ್ತು, ಕಂಠವೂ ಚೆನ್ನಾಗಿತ್ತು. ಕೈ ಅವನ ಹೊಟ್ಟೆ ಹೊರೆಯಿತು, ಕಂಠ ತಲೆ ತಿರುಗಿಸಿತು. ಕೆಟ್ಟ ಮನುಷ್ಯನೇನೂ ಅಲ್ಲ. ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಅದಕ್ಕೇ ಅವನ ಕಥೆ ನೆನೆದಾಗ ಸಿಟ್ಟು ಹೆಚ್ಚು ಬರುತ್ತದೆ.

ಅವನು ಕೆಲಸ ಮಾಡುತ್ತಿದ್ದದ್ದು ಶುಕೂರ್ ಸಾಹುಕಾರರ ಗೇರುಬೀಜದ ಕಾರ್ಖಾನೆಯಲ್ಲಿ. ಡ್ರಮ್ಮಿನಲ್ಲಿ ಬೀಜ ಹುರಿಯುವಾಗ ಏಳುವ ಹೊಗೆ ಸೌದೆಯ ಹೊಗೆಯಂಥದ್ದಲ್ಲ. ಎಣ್ಣೆ ತುಂಬಿದ ಕಪ್ಪು ಹೊಗೆ ಅದು, ಕಣ್ಣಿಗೆ ಖಾರ, ಗಂಟಲಿಗೆ ಬೆಂಕಿ. ಪಕ್ಕದ ಶೆಡ್ಡಿನಲ್ಲೇ ಹೆಂಗಸರು ಕೈಗೆ ಬೂದಿ ಸವರಿಕೊಂಡು ನೆಲದ ಮೇಲೆ ಕುಳಿತು ಬೀಜ ಒಡೆಯುತ್ತಿದ್ದರು. ಹೊಗೆಯನ್ನು ಹೊರಗೆಳೆಯಲು ಗೋಡೆಯಲ್ಲಿ ಆಳೆತ್ತರದ ಒಂದು ಫ್ಯಾನು. ಅದು ತಿರುಗಿದರೆ ಗೋಡೆಯೇ ನಡುಗುತ್ತಿತ್ತು. ಗೋಡೆಯಾಚೆ ಒಂದು ಓಣಿ, ಓಣಿಯಾಚೆ ಇಗರ್ಜಿ. ಅಲ್ಲಿನ ಕಿಟಕಿ ಗಾಜುಗಳು ಕೂಡ ಗಡಗಡ ಎನ್ನುತ್ತಿದ್ದವು.

ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಉಪವಾಸದ ತಪಸ್ಸಿನ ಕಾಲ. ಅದರ ಶುಕ್ರವಾರಗಳಂದು ಸಂಜೆ ಇಗರ್ಜಿಯಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ. ಕೊಂಕಣಿ ಶೋಕಗೀತೆಗಳನ್ನು ಎತ್ತಿಕೊಡುವವನು ಇಸಿದೋರ್. ಮರಿಯಮ್ಮ ದಾರಿಯಲ್ಲಿ ಶಿಲುಬೆ ಹೊತ್ತ ಮಗನನ್ನು ಕಾಣುವ ಜಾಗ ಬಂದಾಗ ಸ್ವರ ತಗ್ಗಬೇಕು. ಅಲ್ಲಿ ಅವನ ಬಾಯಿ ಮಾತ್ರ ಆಡುತ್ತಿತ್ತು, ಕೇಳುತ್ತಿದ್ದದ್ದು ಫ್ಯಾನು.

ಐವತ್ತೆಂಟನೇ ಇಸವಿಯ ತಪಸ್ಸಿನ ಕಾಲದ ಮೊದಲ ಶುಕ್ರವಾರ ಫಾದರ್ ಸೆವರಿನ್ ಅವನನ್ನು ಕರೆದರು.

"ಆ ಫ್ಯಾನಿನ ಫಿಟ್ಟರ್ ನೀನೇ ಅಲ್ವಾ ಇಸಿದೋರ್? ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ ನೋಡು ಮಾರಾಯ. ಅಷ್ಟು ಒಳ್ಳೆ ಹಾಡು, ಯಾರಿಗೂ ಕೇಳುದಿಲ್ಲ."

ಶುಕೂರ್ ಸಾಹುಕಾರರೂ ಅಡ್ಡ ಬರಲಿಲ್ಲ. "ಸದ್ದು ಕಮ್ಮಿ ಮಾಡಿ ಪೊರ್ಬುಗಳೇ, ಬೇಡ ಹೇಳುದಿಲ್ಲ. ಡ್ರಮ್ಮು ಮಾತ್ರ ನಿಲ್ಲಿಸ್ಲಿಕ್ಕೆ ಆಗುದಿಲ್ಲ" ಎಂದರು. ಕ್ರೈಸ್ತರನ್ನು ಪೊರ್ಬುಗಳೇ ಎಂದು ಕರೆಯುವುದು ಆ ಊರಿನ ರೂಢಿ.

ಇಸಿದೋರ್ ಬಂದರಿನ ಕಡೆಯಿಂದ ಹಳೆಯ ಲಾರಿ ಟಯರು ತಂದ. ಅದನ್ನು ತುಂಡು ಮಾಡಿ ಫ್ಯಾನಿನ ಕಬ್ಬಿಣದ ಚೌಕಟ್ಟಿನ ಅಡಿಗೆ ಕೊಟ್ಟ. ಗೋಡೆಯ ನಡುಕ ನಿಂತಿತು. ಹೊರಬಾಯಿಗೆ ಮರದ ಪೆಟ್ಟಿಗೆ ಕಟ್ಟಿ ಒಳಗೆಲ್ಲ ತೆಂಗಿನ ನಾರಿನ ಚಾಪೆ ಹೊಡೆದ, ಕಿರುಚಾಟ ತಗ್ಗಿತು. ಅರ್ಧಕ್ಕರ್ಧ ಸದ್ದು ಹೋಯಿತು. ಒಳ್ಳೆಯ ಕೆಲಸ, ಯಾರಾದರೂ ಮೆಚ್ಚಬೇಕಾದದ್ದೇ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು.

ಆದರೆ ಮರುವಾರ ಆ ತಗ್ಗು ಸ್ವರದ ಜಾಗದಲ್ಲಿ ಇನ್ನೂ ಒಂದು ಗುಂಯ್ ಎನ್ನುವ ಸದ್ದು ಉಳಿದಿತ್ತು. ಇಸಿದೋರನಿಗೆ ಅದನ್ನು ಸಹಿಸಲಾಗಲಿಲ್ಲ. ಸೋಮವಾರ ಫ್ಯಾನಿನ ಬೆಲ್ಟು ಸುತ್ತುವ ಪುಲ್ಲಿ ಕಳಚಿ ಅದಕ್ಕಿಂತ ದೊಡ್ಡದನ್ನು ಹಾಕಿದ. ಫ್ಯಾನು ನಿಧಾನವಾಯಿತು, ಸದ್ದು ಸತ್ತೇಹೋಯಿತು. ನಿಧಾನ ತಿರುಗುವ ಫ್ಯಾನು ಕಡಿಮೆ ಹೊಗೆ ಎಳೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗೊತ್ತಿತ್ತು. ತನ್ನ ಹೆಂಡತಿ ಮಗ್ದಲೀನ್ ಅದೇ ಶೆಡ್ಡಿನಲ್ಲಿ ಬೀಜ ಒಡೆಯುತ್ತಾಳೆ, ಅವಳಿಗೆ ಮದುವೆಗೆ ಮುಂಚಿನಿಂದಲೂ ದಮ್ಮಿನ ಕಾಯಿಲೆ ಇದೆ, ಅದೂ ಗೊತ್ತಿತ್ತು.

ಆ ಶುಕ್ರವಾರ ಅವನ ಸ್ವರ ಇಗರ್ಜಿಯ ಮೂಲೆಮೂಲೆಗೂ ಹರಿಯಿತು. ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಭಾನುವಾರ ಫಾದರ್ ಸೆವರಿನ್ ಪೀಠದಿಂದಲೇ ಅವನ ಹೆಸರು ಹೇಳಿದರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಏರಿದವನಿಗೆ ಅದು ಶೂಲ ಎಂದು ಆಗ ಅನಿಸುವುದಿಲ್ಲ.

ಶೆಡ್ಡಿನಲ್ಲಿ ಹೊಗೆ ಮಾಡಿನ ಅಡಿಗೆ ಸೇರಿ, ಮಧ್ಯಾಹ್ನದ ಹೊತ್ತಿಗೆ ಕುಳಿತವರ ತಲೆಯವರೆಗೆ ಇಳಿಯತೊಡಗಿತು. ಮಗ್ದಲೀನಳ ಪಕ್ಕದಲ್ಲಿ ಕೂರುವ ಸಫಿಯಾ ಒಂದು ದಿನ ಗೇಟಿನ ಹತ್ತಿರ ಇಸಿದೋರನನ್ನು ತಡೆದಳು.

"ಪೊರ್ಬುಗಳೇ, ನೀವು ಹಿಡಿದ ಉಪವಾಸಕ್ಕೆ ನಾವೆಲ್ಲ ಹೊಗೆ ಕುಡೀಬೇಕಾ? ನಮಗಾದ್ರೆ ಕೆಮ್ಮು ಬಂದು ಹೋಗ್ತದೆ. ನಿಮ್ಮ ಹೆಂಡ್ತಿಯ ಮುಖ ನೋಡಿದ್ದೀರಾ?"

ಅವನು ನೋಡಿರಲಿಲ್ಲ. ಅಂದು ಸಂಜೆ ನೋಡಿದ. ಮಗ್ದಲೀನ್ ಹೊಸ್ತಿಲ ಮೇಲೆ ಎರಡೂ ಕೈಯೂರಿ ಕುಳಿತಿದ್ದಳು. ಒಂದೊಂದು ಉಸಿರಿಗೂ ಹೆಗಲು ಕಿವಿಯವರೆಗೆ ಏರುತ್ತಿತ್ತು.

"ಕೇಳಿತಾ?" ಎಂದಳು. ಗಂಡನ ಹೆಸರು ಅವಳ ಬಾಯಲ್ಲಿ ಎಂದೂ ಬಂದದ್ದಿಲ್ಲ. "ಫ್ಯಾನು ಸ್ವಲ್ಪ ಜೋರು ಮಾಡ್ಲಿಕ್ಕೆ ಆಗ್ತದಾ?"

ಇಸಿದೋರನ ಮುಖ ಸಣ್ಣದಾದದ್ದು ಅವಳಿಗೆ ಕಂಡಿತು.

"ಪಾಸ್ಕ ಹಬ್ಬದವರೆಗೆ ಸಾಕಾ?" ಎಂದು ಅವಳೇ ಕೇಳಿದಳು. "ಮೊನ್ನೆ ನೀವು ಹಾಡುವಾಗ ನನಗೂ ಅಳು ಬಂತು. ಅಷ್ಟು ದಿನ ತಡೀತೇನೆ. ಎಲ್ರೂ ಮೀನು ಬಿಡ್ತಾರೆ, ಮಾಂಸ ಬಿಡ್ತಾರೆ. ನಾನು ಇದನ್ನು ದೇವರಿಗೆ ಒಪ್ಪಿಸ್ತೇನೆ."

ಅವಳು ಹೇಳಿದಳು, ಸರಿ. ಭಕ್ತಿಯ ಹೆಣ್ಣು, ಗಂಡನ ಹೆಸರು ಪೀಠದಿಂದ ಕೇಳಿ ಉಬ್ಬಿದ ಹೆಣ್ಣು, ಹೇಳಿಯೇ ಹೇಳುತ್ತಾಳೆ. ಅವನು "ಹುಚ್ಚಿ, ಉಸಿರು ಬಿಡುವ ವ್ರತ ಎಲ್ಲಾದರೂ ಉಂಟಾ?" ಎಂದು ಬೈದು ಮರುದಿನವೇ ಹಳೆಯ ಪುಲ್ಲಿ ಹಾಕಬೇಕಿತ್ತು. ಹಾಕಲಿಲ್ಲ. ಅವಳ ತ್ಯಾಗವನ್ನು ದೇವರಿಗಿಂತ ಮೊದಲು ತಾನೇ ಸ್ವೀಕರಿಸಿದ. ಊರಿಗೆ ಉಪಕಾರಿ, ಮನೆಗೆ ಮಾರಿ.

ಶುಭ ಶುಕ್ರವಾರದಂದು ಅವನು ಜೀವಮಾನದಲ್ಲೇ ಹಾಡದಷ್ಟು ಚೆನ್ನಾಗಿ ಹಾಡಿದ. ಅಂದು ಕಾರ್ಖಾನೆಗೆ ರಜೆ, ಫ್ಯಾನು ಹೇಗೂ ನಿಂತಿತ್ತು. ಮಗ್ದಲೀನ್ ಇಗರ್ಜಿಯ ಮೆಟ್ಟಿಲವರೆಗೆ ಬಂದು, ಮೇಲೆ ಹತ್ತಲಾರದೆ ಮನೆಗೆ ಹಿಂತಿರುಗಿದ್ದಳು.

ಹಬ್ಬ ಕಳೆದ ಮರುದಿನ ಇಸಿದೋರ್ ಹಳೆಯ ಪುಲ್ಲಿಯನ್ನು ಹಾಕಿದ. ಎಣ್ಣೆಮಸಿ ಕಟ್ಟಿ ಗಾಳಿಗೆ ದಾರಿಯಿಲ್ಲದಂತಾಗಿದ್ದ ನಾರಿನ ಪೆಟ್ಟಿಗೆಯನ್ನೂ, ಎಣ್ಣೆ ಕುಡಿದು ಮೆತ್ತಗಾಗಿದ್ದ ಟಯರಿನ ತುಂಡುಗಳನ್ನೂ ಕಿತ್ತೆಸೆದ. ಫ್ಯಾನು ಮೊದಲಿನಂತೆ ಅಬ್ಬರಿಸಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗ್ದಲೀನ್ ಮತ್ತೆ ಆ ಶೆಡ್ಡಿಗೆ ಹೋಗಲಿಲ್ಲ. ಹೋಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಜಡಿಮಳೆಯ ಆಟಿ ತಿಂಗಳಲ್ಲಿ ಜ್ವರ ಬಂತು, ಜ್ವರ ಎದೆಗೆ ಇಳಿಯಿತು, ಆಸ್ಪತ್ರೆಯಲ್ಲಿ ಸತ್ತಳು. ಹೊಗೆಯಿಂದಲೇ ಸತ್ತಳೆಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಇಸಿದೋರ್ ಕೇಳಲೂ ಇಲ್ಲ.

ಮಣ್ಣು ಮಾಡಿದ್ದು ಕೆಲಸದ ದಿನದ ಮಧ್ಯಾಹ್ನ. ಶವದ ಪೆಟ್ಟಿಗೆಯನ್ನು ಪೀಠದ ಮುಂದೆ ಇಟ್ಟಿದ್ದರು. ಓಣಿಯಾಚೆ ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತಿತ್ತು, ಕಿಟಕಿ ಗಾಜುಗಳು ಮತ್ತೆ ಗಡಗಡ ಎನ್ನುತ್ತಿದ್ದವು. ಎರಡು ಸಲ ಪ್ರಾರ್ಥನೆ ಶುರು ಮಾಡಿ, ಎರಡು ಸಲವೂ ನಿಲ್ಲಿಸಿದ ಫಾದರ್ ಸೆವರಿನ್ ಮುಂದಿನ ಬೆಂಚಿನ ಪೌಲನಿಗೆ, "ಹೋಗಿ ಸಾಹುಕಾರರಿಗೆ ಹೇಳು, ಇದು ಮುಗಿಯುವವರೆಗಾದ್ರೂ ಅದನ್ನು ನಿಲ್ಲಿಸ್ಲಿಕ್ಕೆ" ಎಂದರು.

ಪೌಲ್ ಎದ್ದ. ಪೆಟ್ಟಿಗೆಯ ಬದಿಯಲ್ಲಿ ನಿಂತಿದ್ದ ಇಸಿದೋರ್ ಅವನ ತೋಳು ಹಿಡಿದ.

"ಬೇಡ ಫಾದರ್" ಎಂದ. "ಓಡಲಿ. ಒಳಗೆ ಹೆಂಗಸರು ಇದ್ದಾರೆ."

ಫಾದರ್ ಸೆವರಿನ್ ಅವನನ್ನೇ ನೋಡಿದರು. ಆಮೇಲೆ ಪುಸ್ತಕ ತೆರೆದು ಗಂಟಲೆತ್ತಿ ಓದತೊಡಗಿದರು. ಹಿಂದಿನ ಬೆಂಚಿನವರಿಗೆ ಒಂದಕ್ಷರವೂ ಕೇಳಿಸಲಿಲ್ಲ.